ದೇವರಕಾಡಿನ ಕಾವಲು

'ವನ'ವೆಂಬ ಸಂಸ್ಕೃತ ಶಬ್ದ ಕನ್ನಡದಲ್ಲಿ 'ಬನ'ವಾಯಿತೆಂದು ತರಗತಿಯಲ್ಲಿ ಹೇಳುವಾಗಲೆಲ್ಲ ನಾನು ನಮ್ಮ ಬನಶಂಕರಿಯನ್ನೇ ಉದಾಹರಣೆಯಾಗಿ ಕೊಡುವುದುಂಟು. ಬಾದಾಮಿಯ ಬಳಿ ಕಾಡಿನ ನಡುವೆ ನೆಲೆಸಿದ ತಾಯಿ ಆಕೆ. ಬೆಂಗಳೂರಿನ ದಕ್ಷಿಣದಲ್ಲಿ ಬಡಾವಣೆಗೂ ಬಸ್ಸು ನಿಲ್ದಾಣಕ್ಕೂ ಮೆಟ್ರೋ ನಿಲ್ದಾಣಕ್ಕೂ ಆಕೆಯ ಹೆಸರಿದೆ. ಬನ ಮಾತ್ರ ಹೆಸರಿನಲ್ಲಷ್ಟೇ ಉಳಿದಿದೆ. ದೇವರೂ ಕಾಡೂ ಇನ್ನೂ ಅಗಲದಿರುವ ನಾಡನ್ನು ಕಾಣಬೇಕಾದರೆ ಕೊಡಗಿಗೆ ಹೋಗಬೇಕು.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಬೇಟೆಯ ದೇವರಾದ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆಯೊಪ್ಪಿಸುವುದು ಅಲ್ಲಿಯ ವಾಡಿಕೆ. ಆ ಕಾಡಿನಲ್ಲಿ ಕೊಡಲಿ ಎತ್ತುವಂತಿರಲಿಲ್ಲ. ಇದನ್ನು ಬರಿಯ ದೈವಭೀತಿಯೆಂದು ತಳ್ಳಿಹಾಕುವ ವಿದ್ಯಾವಂತರುಂಟು. ಭೀತಿಯಿದ್ದುದು ನಿಜವೇ. ಆದರೆ ಅದಕ್ಕಿಂತ ಗಟ್ಟಿಯಾದ ಕಟ್ಟು ಇನ್ನೊಂದಿತ್ತು: ಹಬ್ಬದ ಹೊಣೆ. ತಕ್ಕನ ಪದವಿ ಒಂದು ಮನೆತನದ್ದು, ವಾದ್ಯ ಮೇದರದು. ಹೀಗೆ ಊರಿನ ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಪಾಲು. ಪಾಲುಗಳು ಸರಿಸಮನಾಗಿದ್ದವೆಂದು ನಾನು ಹೇಳಲಾರೆ. ಜಾತಿಯ ಮೇಲುಕೀಳು ದೇವರ ಕಾಡಿನೊಳಗೂ ಇತ್ತು. ಆದರೂ ಮರ ಕಡಿದವನು ಇಡೀ ಊರಿಗೆ ಉತ್ತರ ಹೇಳಬೇಕಾಗಿತ್ತು.

ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಕಾಡು ಕಡತಕ್ಕೆ ಸೇರಿತು. 1905ರಲ್ಲಿ ದೇವರಕಾಡುಗಳು ಕಂದಾಯ ಇಲಾಖೆಯ ಕೈಗೆ ಹೋದವು. ಆಗ ಅವುಗಳ ವಿಸ್ತಾರ ಸುಮಾರು 15,500 ಎಕರೆ. 1985ರಲ್ಲಿ ಅವು ಅರಣ್ಯ ಇಲಾಖೆಗೆ ಮರಳುವ ಹೊತ್ತಿಗೆ ಉಳಿದಿದ್ದುದು ಸುಮಾರು 6,300 ಎಕರೆ. ಎಂಬತ್ತು ವರ್ಷಗಳಲ್ಲಿ ಐದರಲ್ಲಿ ಮೂರು ಪಾಲು ಕರಗಿತು! ಯಾವ ಶತ್ರುವೂ ದಂಡೆತ್ತಿ ಬಂದಿರಲಿಲ್ಲ. ಅಂಚಿನ ಕಾಫಿ ತೋಟ ಮೆಲ್ಲಮೆಲ್ಲನೆ ಒಳಕ್ಕೆ ಸರಿಯಿತು, ಮನೆಗಳೆದ್ದವು. ಮರದಡಿಯ ಕಲ್ಲಿಗೆ ಗುಡಿ ಕಟ್ಟಿದ ಕಡೆ ಭಕ್ತಿಯೆಲ್ಲ ಗುಡಿಗೆ ಸಂದು, ಸುತ್ತಲಿನ ಮರಗಳು ದಿಕ್ಕಿಲ್ಲದಂತಾದವು. ಸರ್ಕಾರದ ಪುಸ್ತಕದಲ್ಲಿರುವುದನ್ನು ಸರ್ಕಾರ ಕಾಯಲೆಂದು ಊರು ಸುಮ್ಮನಿದ್ದರೆ, ದೇವರದ್ದನ್ನು ಊರೇ ನೋಡಿಕೊಳ್ಳಲೆಂದು ಸರ್ಕಾರವೂ ಸುಮ್ಮನಿತ್ತು ಎಂದೇ ನನಗೆ ತೋರುತ್ತದೆ.

ಇದು ಕೊಡಗಿನವರ ಪಾಡೆಂದು ಜಯನಗರದ ವಾಚಕರು ಪುಟ ತಿರುವಬಾರದು. 1974ರಿಂದ ನಮ್ಮ ನಲ್ಲಿಗಳಿಗೆ ಬರುತ್ತಿರುವ ಕಾವೇರಿ ಹುಟ್ಟುವುದು ಆ ಬೆಟ್ಟಗಳಲ್ಲಿಯೇ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಯ ತೊರೆಗಳಿಗೆ ಮೆಲ್ಲನೆ ಬಿಡುವುದು ಅಲ್ಲಿಯ ನಿತ್ಯಹರಿದ್ವರ್ಣ ಕಾಡು.

ಈಗ ಕಾಡು ಇಲಾಖೆಯದು, ಹಬ್ಬ ಊರಿನದು. ಇಬ್ಬರೂ ಒಂದೇ ಕಡೆ ಕೂಡಬೇಕೆಂಬುದು ನನ್ನ ಅಭಿಪ್ರಾಯ. ಗಡಿ ಅಳೆಯುವ ದಿನ ತಕ್ಕರೂ ಮೇದರೂ ಎರವರೂ ಗಡಿಕಲ್ಲಿನ ಬಳಿ ನಿಂತಿರಲಿ. ನಕ್ಷೆಯ ಒಂದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರಲಿ. ಅದಕ್ಕೆ ತಗಲುವ ವೆಚ್ಚದಲ್ಲಿ, ಆ ನೀರನ್ನು ಕುಡಿಯುವ ನಮ್ಮ ನಗರದ್ದೂ ಒಂದು ಪಾಲಿರಲಿ.