ಚಿಕ್ಕಮಗಳೂರಿಗೆ ಹೋಗುವ ದಾರಿ, ಅಲ್ಲಿ ಓಡಾಡುವ ಬಗೆ

ಟೊರಾಂಟೊ, ಮಿಸಿಸಾಗ, ಬ್ರ್ಯಾಂಪ್ಟನ್ ಸುತ್ತಮುತ್ತ ನೆಲೆಸಿರುವ ಮಲೆನಾಡಿಗರಲ್ಲಿ ಹಲವರು ಆತುರದಿಂದ ಊರಿಗೆ ಹೊರಡುವುದು ಹೆತ್ತವರ ಕಾಯಿಲೆಯ ಸುದ್ದಿ ಬಂದಾಗ. ವೈದ್ಯನೆಂದು ನನ್ನನ್ನು ಔಷಧದ ಬಗ್ಗೆ ಕೇಳುವವರ ಮಾತು ಕೊನೆಗೆ ದಾರಿಯ ವಿಚಾರಕ್ಕೆ ಬಂದು ನಿಲ್ಲುತ್ತದೆ.

ಟೊರಾಂಟೊದಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ; ದೆಹಲಿ, ಲಂಡನ್ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಬದಲಿಸಬೇಕು. ದೇವನಹಳ್ಳಿಯಲ್ಲಿ ಇಳಿದ ಮೇಲೆ ನೆಲಮಂಗಲ, ಚನ್ನರಾಯಪಟ್ಟಣ, ಹಾಸನ, ಬೇಲೂರು ಮಾರ್ಗವಾಗಿ ಇನ್ನೂ ಐದಾರು ಗಂಟೆಯ ರಸ್ತೆ. ಋತುವಿಗನುಗುಣವಾಗಿ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆಯ ಕಾಲವ್ಯತ್ಯಾಸವನ್ನು ಹೊತ್ತು ಬಂದ ದೇಹದಿಂದ ತಾವೇ ಕಾರು ಓಡಿಸುವುದು ಬೇಡ. ದೀರ್ಘಕಾಲ ಕುಳಿತೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ದಾರಿಯಲ್ಲಿ ಕಾಫಿಗೆಂದು ಇಳಿದಾಗ ಹತ್ತು ನಿಮಿಷ ನಡೆದಾಡಿ.

ರೈಲು ನಗರವನ್ನು ಮುಟ್ಟಿದ್ದು 2013ರಲ್ಲಿ, ಕಡೂರಿನಿಂದ ಬಂದ ಕವಲಿನ ಮೂಲಕ. ಆ ಕವಲಿನಲ್ಲಿ ಗಾಡಿಗಳು ಕಡಿಮೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ರೈಲು ಹಿಡಿದು ಕಡೂರಿನಲ್ಲಿಳಿದು, ಉಳಿದ ಸುಮಾರು 40 ಕಿಲೋಮೀಟರನ್ನು ಬಸ್ಸಿನಲ್ಲಿ ಕ್ರಮಿಸುವುದೇ ಅನುಕೂಲ.

ಮಂಗಳೂರಿನ ದಾರಿಯದು ಬೇರೆಯೇ ಕತೆ. ಮೂಡಿಗೆರೆ, ಕೊಟ್ಟಿಗೆಹಾರ ದಾಟಿದೊಡನೆ ಚಾರ್ಮಾಡಿ ಘಾಟಿ. 2019ರ ಆಗಸ್ಟಿನ ಮಳೆಯಲ್ಲಿ ಅಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. ಪ್ರವಾಸಿಗೆ ಇದು ಸುತ್ತುಬಳಸಿನ ತೊಂದರೆ, ರೋಗಿಗೆ ಹಾಗಲ್ಲ. ಹೆಪ್ಪುಗಟ್ಟಿದ ರಕ್ತದಿಂದಾದ ಪಾರ್ಶ್ವವಾಯುವಿನಲ್ಲಿ ಅದನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಲೆಯ ಸ್ಕ್ಯಾನ್ ಹಾಗೂ ಆ ಮದ್ದು ರಾತ್ರಿಯಲ್ಲೂ ಎಲ್ಲಿ ದೊರೆಯುತ್ತವೆ, ಮಳೆಗಾಲದಲ್ಲಿ ಘಾಟಿಯನ್ನು ಬಿಟ್ಟು ಸುಮಾರು 60 ಕಿಲೋಮೀಟರ್ ದೂರದ ಹಾಸನದತ್ತ ಹೊರಡಬೇಕೇ ಎಂಬುದನ್ನು ಮನೆಯವರು ಸ್ಥಳೀಯ ವೈದ್ಯರೊಡನೆ ಮೊದಲೇ ನಿಶ್ಚಯಿಸಿಕೊಂಡಿರಲಿ. ಆಂಬುಲೆನ್ಸಿಗೆ 108, ಕೆನಡಾದ ದೂರವಾಣಿಯಿಂದ ಈ ಸಂಖ್ಯೆ ಊರಿಗೆ ತಲುಪದು, ಆದ್ದರಿಂದ ನೆರೆಮನೆಯವರ ಪೂರ್ಣ ಸಂಖ್ಯೆ ನಿಮ್ಮಲ್ಲಿರಬೇಕು.

ನಗರದೊಳಗೆ ಓಡಾಟ ಸುಲಭ. ಎಂ.ಜಿ. ರಸ್ತೆ, ಐ.ಜಿ. ರಸ್ತೆಗಳನ್ನು ಅರಿತರೆ ಅರ್ಧ ಊರನ್ನು ಅರಿತಂತೆ. ಉಳಿದದ್ದಕ್ಕೆ ಆಟೋ ಸಾಕು. ಮುಳ್ಳಯ್ಯನಗಿರಿಗೆ ಬಾಡಿಗೆ ಜೀಪು ಲೇಸು. ವಾಹನಗಳಿಗೆ ನಿರ್ಬಂಧವಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿ. ಎತ್ತರದ ಕಾಯಿಲೆ ಕಾಣಿಸುವುದು ಸಾಮಾನ್ಯವಾಗಿ 2,500 ಮೀಟರ್ ಮೀರಿದ ಮೇಲೆ. ಈ ಶಿಖರ ಸುಮಾರು 1,930 ಮೀಟರ್. ಕೊನೆಯ ಮೆಟ್ಟಿಲುಗಳಲ್ಲಿ ಎದೆ ಬಿಗಿದರೆ ಬೆಟ್ಟವನ್ನು ದೂರದೆ ಅಲ್ಲೇ ಕುಳಿತು, ಕೆಳಗಿಳಿದೊಡನೆ ಹೃದಯವನ್ನು ಪರೀಕ್ಷಿಸಿಕೊಳ್ಳಿ.