ಕವಿರಾಜಮಾರ್ಗದಲ್ಲಿ ದೋಷದರ್ಶನ ಮತ್ತು ತಿದ್ದುಪಡಿ

ಬರೆದುದನ್ನು ಬಲ್ಲ ಇನ್ನೊಬ್ಬರಿಂದ ಓದಿಸಿ, ಅವರು ತೋರಿಸಿದ ಕುಂದುಗಳನ್ನು ತಿದ್ದಿಕೊಂಡ ಮೇಲೆಯೇ ಪ್ರಕಟಿಸಬೇಕೆಂಬ ಪದ್ಧತಿಯು ಆಧುನಿಕ ವಿಶ್ವವಿದ್ಯಾನಿಲಯಗಳಿಂದ ನಮಗೆ ಬಂದುದೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿರುವುದು. ಕನ್ನಡದ ಮಟ್ಟಿಗೆ ಇದು ಸರಿಯಲ್ಲ. ಈಗ ಉಪಲಬ್ಧವಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದ ಕವಿರಾಜಮಾರ್ಗವೇ ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ.

ಸುಮಾರು ಕ್ರಿ.ಶ. 850ರ ಈ ಗ್ರಂಥವು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (814-878) ಆಸ್ಥಾನದಲ್ಲಿ ಹುಟ್ಟಿತು. ಕೆ. ಬಿ. ಪಾಠಕರು ಇದನ್ನು ಸಂಪಾದಿಸಿ 1898ರಲ್ಲಿ ಪ್ರಕಟಿಸಿದರು. ದಂಡಿಯ ಕಾವ್ಯಾದರ್ಶವು ಇದಕ್ಕೆ ಮುಖ್ಯ ಆಧಾರ. ಆದರೆ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನು ದೋಷ ಮತ್ತು ಅದೋಷಗಳ ನಿರ್ಣಯಕ್ಕೆ ಮೀಸಲಿಟ್ಟು, ಗ್ರಂಥಕಾರನು ಕನ್ನಡ ಕವಿಯ ಕಷ್ಟಗಳನ್ನು ಸ್ವತಂತ್ರವಾಗಿ ಚರ್ಚಿಸಿರುವನು.

ಅಲ್ಲಿ ಬರುವ ಒಂದು ಉಪಮಾನ ಪ್ರಸಿದ್ಧವಾಗಿರುವುದು. ಕಣ್ಣು ತಾನು ಹಚ್ಚಿಕೊಂಡ ಕಾಡಿಗೆಯನ್ನು ತಾನೇ ಕಾಣಲಾರದು. ಹಾಗೆಯೇ ಕವಿಯು ಏನು ಮಾಡಿದರೂ ತನ್ನ ದೋಷವನ್ನು ತಾನು ಕಾಣಲಾರನು. ಆದುದರಿಂದ ಎಂತಹ ದೃಢಸಂಕಲ್ಪದವನಾದರೂ ಕಾವ್ಯವನ್ನು ಮೊದಲು ಓದಿಸಿ ಅನಂತರ ಹೇಳತಕ್ಕದ್ದು, ಎಂಬುದು ಅದರ ತಾತ್ಪರ್ಯ. ಇದರಲ್ಲಿ ಎರಡು ಅಂಶಗಳು ಗಮನಾರ್ಹ. ದೋಷವು ಕಾಣದಿರುವುದಕ್ಕೆ ಕಾರಣ ಕವಿಯ ಅಜ್ಞಾನವಲ್ಲ, ಕಾಡಿಗೆಯ ಸಾಮೀಪ್ಯ. ಎಂದಮೇಲೆ ಪಂಡಿತನಿಗೂ ಇದರಿಂದ ವಿನಾಯಿತಿ ಇಲ್ಲ. ಇನ್ನು ಕಾಡಿಗೆಯು ಕಣ್ಣಿಗೆ ಅಲಂಕಾರವೇ ಹೊರತು ಕೊಳೆಯಲ್ಲ. ನಾವು ಮೆಚ್ಚಿ ಬರೆದ ಮಾತೇ ಅನೇಕ ವೇಳೆ ನಮಗೆ ಮರೆಯಾಗುವುದೆಂಬ ಧ್ವನಿಯನ್ನು ಇಲ್ಲಿ ಕಾಣಬಹುದು.

ಹಾಗೆಂದು ತಪ್ಪು ಹಿಡಿಯುವವರೆಲ್ಲರನ್ನೂ ಗ್ರಂಥಕಾರನು ಮನ್ನಿಸುವುದಿಲ್ಲ. ಜಾಣರಲ್ಲದವರು ಬಲ್ಲವರಂತೆ ನಟಿಸಿ, ಅವಗುಣಕ್ಕೆ ಒಂದಿಷ್ಟು ಎಡೆ ದೊರೆತೊಡನೆ ಅದನ್ನೇ ಹಿಡಿದು ಕೃತಿಯನ್ನು ಹಳಿಯುವರೆಂದು ಅವನು ಎಚ್ಚರಿಸಿರುವನು. ಜಾಣನಾದ ವಿಮರ್ಶಕನಿಗೂ ಒಂದು ಎಲ್ಲೆಯುಂಟು: ಕನ್ನಡ ದೇಸಿಗಳು ಬೇರೆ ಬೇರೆಯಾಗಿರುವುದರಿಂದ, ದೋಷವು ಇಷ್ಟೇ ಎಂದು ನಿರ್ಣಯಿಸಲು ಸಾವಿರ ನಾಲಗೆಯ ವಾಸುಕಿಗೂ ಬೇಸರವಾಗುವುದಂತೆ. ತನ್ನ ಊರಿನ ನುಡಿಯನ್ನೇ ಅಳತೆಗೋಲಾಗಿಸಿಕೊಂಡು ಇನ್ನೊಬ್ಬನ ಬರಹವನ್ನು ಅಳೆಯುವವನಿಗೆ ಇದು ತಕ್ಕ ಉತ್ತರ.

ಹಾಗಾದರೆ ದೋಷವನ್ನು ಹೇಳುವ ಕ್ರಮ ಯಾವುದು? ಗ್ರಂಥಕಾರನ ರೀತಿಯೇ ಇದಕ್ಕೆ ನಿದರ್ಶನ. ಇದು ತಪ್ಪೆಂದು ಹೇಳಿ ಅವನು ಸುಮ್ಮನಾಗುವುದಿಲ್ಲ. ಹಲವೆಡೆ ದೋಷವುಳ್ಳ ಪದ್ಯವನ್ನು ಕೊಟ್ಟು, ಅದೇ ಅರ್ಥವನ್ನು ನಿರ್ದುಷ್ಟವಾಗಿ ಹೇಳುವ ಬಗೆಯನ್ನೂ ತೋರಿಸುವನು. ಸಂಸ್ಕೃತದಲ್ಲಿ ದೋಷವಾದುದು ಕನ್ನಡದಲ್ಲಿಯೂ ದೋಷವೆಂದು ಅವನು ಹಠ ಹಿಡಿಯುವುದಿಲ್ಲ. ಕನ್ನಡ ಕವಿಗಳು ಪ್ರಾಸವನ್ನು ಅತಿಶಯವೆಂದು ಬಗೆದು ಯತಿಯನ್ನು ಮೀರಿದುದನ್ನು ಅವನು ಪರಂಪರೆಯೆಂದೇ ಗುರುತಿಸಿರುವನು. ಬರೆದವನ ಉದ್ದೇಶವೇನೆಂದು ತಿಳಿದ ಮೇಲೆ ತಿದ್ದಬೇಕೆಂಬ ನ್ಯಾಯ ಇದರಲ್ಲಿ ಅಡಗಿದೆ.

ಗ್ರಂಥದ ಕರ್ತೃತ್ವಕ್ಕೂ ಈ ವಿಚಾರಕ್ಕೂ ಸಂಬಂಧವಿರುವಂತೆ ತೋರುವುದು. ಕೃತಿಯು ತನ್ನನ್ನು ನೃಪತುಂಗದೇವನಿಗೆ 'ಅನುಮತ'ವಾದುದೆಂದು ಕರೆದುಕೊಂಡಿದೆ. ಇದನ್ನು ಆಧರಿಸಿ, ಬರೆದವನು ಶ್ರೀವಿಜಯ, ಒಪ್ಪಿದವನು ನೃಪತುಂಗ ಎಂದು ವಿದ್ವಾಂಸರಲ್ಲಿ ಬಹುಮಂದಿ ತೀರ್ಮಾನಿಸಿರುವರು. ಈ ತೀರ್ಮಾನವನ್ನು ಅಂಗೀಕರಿಸುವುದಾದರೆ, ಓದಿಸಿ ಹೇಳೆಂದು ವಿಧಿಸಿದ ಗ್ರಂಥವು ತಾನೂ ಇನ್ನೊಬ್ಬನ ಒಪ್ಪಿಗೆಯನ್ನು ಪಡೆದೇ ಹೊರಬಂದಿತು. ನೃಪತುಂಗನ ಆ ಒಪ್ಪಿಗೆ ಕೇವಲ ರಾಜಮುದ್ರೆಯೋ, ಓದಿ ತಿದ್ದಿದವನ ಸಮ್ಮತಿಯೋ ಎಂಬ ಪ್ರಶ್ನೆ ಮಾತ್ರ ನಮ್ಮ ವಿದ್ಯಾರ್ಥಿಗಳ ಪರಿಶೀಲನೆಗೆ ಇನ್ನೂ ಯೋಗ್ಯವಾಗಿದೆ.