ಸೇವೆಯಿಂದ ಸಮಾಜಕಾರ್ಯಕ್ಕೆ: ವಡೋದರಾದ ವಿದ್ಯಾಕೇಂದ್ರವೊಂದರ ಪರಿಚಯ

ಅಲ್ಕಾಪುರಿಯಲ್ಲಿ ನೆಲೆಸಿರುವ ಕನ್ನಡ ಬಾಂಧವರಿಗೆ ರೈಲು ನಿಲ್ದಾಣದ ಆಚೆ ಬದಿಯಲ್ಲಿರುವ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಅಪರಿಚಿತವೇನಲ್ಲ. ವಿಜ್ಞಾನ, ವಾಣಿಜ್ಯ, ತಂತ್ರಶಾಸ್ತ್ರ, ಲಲಿತಕಲೆಗಳ ನಿಕಾಯಗಳ ಹೆಸರು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಫತೇಗಂಜ್‌ನಲ್ಲಿರುವ ಸಮಾಜಕಾರ್ಯ ನಿಕಾಯದ ಹೆಸರು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಅಲ್ಲಿ ಏನನ್ನು ಕಲಿಸುತ್ತಾರೆ, ಇಂತಹ ಶಾಲೆಗಳ ಆವರಣದಲ್ಲಿ ನಡೆಯುವ ಉಪನ್ಯಾಸ ಹಾಗೂ ಕಾರ್ಯಕ್ರಮಗಳಿಂದ ಹೊರನಾಡ ಕನ್ನಡಿಗರಾದ ನಮಗೇನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ಪರಿಚಯಿಸಬಯಸುತ್ತೇವೆ.

ವಡೋದರಾದ ಹಿನ್ನೆಲೆ

ಸಮಾಜಕಾರ್ಯವೆಂದರೆ ದಾನಧರ್ಮವಲ್ಲ. ಇವೆರಡರ ವ್ಯತ್ಯಾಸವನ್ನು ಅರಿಯಲು ಈ ನಗರದ ಇತಿಹಾಸವೇ ಸಾಕು. 1875ರಿಂದ 1939ರವರೆಗೆ ಆಳಿದ ಮೂರನೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಸಂಸ್ಥಾನದಾದ್ಯಂತ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದರು. 1913ರಲ್ಲಿ ಡಾ. ಬಿ.ಆರ್. ಅಂಬೇಡ್ಕರರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದ್ದು ಇದೇ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ಆದರೆ 1917ರಲ್ಲಿ ಅವರು ಸಂಸ್ಥಾನದ ಸೇವೆಗೆಂದು ಇಲ್ಲಿಗೆ ಬಂದಾಗ ಅಸ್ಪೃಶ್ಯರೆಂಬ ಕಾರಣಕ್ಕೆ ಅವರಿಗೆ ನೆಮ್ಮದಿಯಾಗಿ ವಾಸಿಸಲು ಒಂದು ಕೋಣೆಯೂ ದೊರೆಯಲಿಲ್ಲ. ಅವರು ನೊಂದು ಈ ನಗರವನ್ನು ತೊರೆಯಬೇಕಾಯಿತು. ಅರಸರ ಔದಾರ್ಯ ವಿದ್ಯೆಯನ್ನು ಕೊಡಿಸಿತು. ಅಕ್ಕಪಕ್ಕದವರ ಮನಸ್ಸನ್ನು ಬದಲಿಸಲು ಅದರಿಂದಾಗಲಿಲ್ಲ. ವ್ಯಕ್ತಿಗೆ ನೆರವು ನೀಡುವುದರ ಜೊತೆಗೆ ಅವನನ್ನು ಹೊರಗಿಡುವ ಸಮಾಜದೊಳಗೂ ಕೆಲಸ ಮಾಡಬೇಕೆಂಬುದೇ ಸಮಾಜಕಾರ್ಯದ ಮೂಲತತ್ತ್ವ.

ವಿದ್ಯೆಯಾಗಿ ಬೆಳೆದ ಬಗೆ

ಭಾರತದಲ್ಲಿ ಈ ಶಿಕ್ಷಣಕ್ಕೆ ನಾಂದಿ ಹಾಡಿದ್ದು 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಶಾಲೆ. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. 1949ರಲ್ಲಿ ವಡೋದರಾದ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಮೊದಲ ಕುಲಪತಿಯಾದವರು ಶ್ರೀಮತಿ ಹಂಸಾ ಮೆಹತಾ. ಸಂವಿಧಾನ ರಚನಾ ಸಭೆಯ ಸದಸ್ಯೆಯಾಗಿದ್ದ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬರ್ಥ ಕೊಡುತ್ತಿದ್ದ ಪದಗಳ ಸ್ಥಾನದಲ್ಲಿ ‘ಎಲ್ಲ ಮಾನವರು’ ಎಂದು ಸೇರಿಸಲು ಕಾರಣರಾದವರು. ವಿಶ್ವವಿದ್ಯಾಲಯದ ಆರಂಭದ ದಿನಗಳಲ್ಲೇ ರೂಪುಗೊಂಡ ಇಲ್ಲಿನ ಸಮಾಜಕಾರ್ಯ ನಿಕಾಯವು, ವಿಶ್ವವಿದ್ಯಾಲಯದ ಅಂಗವಾಗಿಯೇ ಈ ವಿಷಯವನ್ನು ಕಲಿಸಿದ ದೇಶದ ಮೊದಲ ಸಾಲಿನ ಸಂಸ್ಥೆಗಳಲ್ಲಿ ಒಂದು.

ಕನ್ನಡ ನಾಡಿಗೂ ಈ ಪರಂಪರೆ ಹೊಸತಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 19ನೆಯ ಶತಮಾನದ ಕೊನೆಯಲ್ಲೇ ದಲಿತರ ಶಿಕ್ಷಣ ಮತ್ತು ವಸತಿಗಾಗಿ ದುಡಿದರು. ಅದೇ ನಗರದಲ್ಲಿ 1960ರಲ್ಲಿ ರೋಶನಿ ನಿಲಯ ಸಮಾಜಕಾರ್ಯ ಶಾಲೆ ಆರಂಭವಾಯಿತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಚ್.ಎಂ. ಮರುಳಸಿದ್ಧಯ್ಯನವರು ಈ ಶಾಸ್ತ್ರವನ್ನು ಕನ್ನಡದಲ್ಲಿ ಬರೆದು ಬೆಳೆಸಿದರು.

ಆವರಣದಲ್ಲಿ ನಡೆಯುವುದೇನು?

ಸಮಾಜಕಾರ್ಯದ ಸ್ನಾತಕೋತ್ತರ ಶಿಕ್ಷಣದ ಅವಧಿ ಎರಡು ವರ್ಷ. ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಸಮಾಜ ಕಲ್ಯಾಣ ಆಡಳಿತ, ಸಮಾಜಕಾರ್ಯ ಸಂಶೋಧನೆ ಮತ್ತು ಸಾಮಾಜಿಕ ಕ್ರಿಯೆ ಎಂಬ ಆರು ವಿಧಾನಗಳನ್ನು ಇಲ್ಲಿ ಅಭ್ಯಸಿಸಲಾಗುತ್ತದೆ. ತರಗತಿಯಷ್ಟೇ ಮಹತ್ವ ಕ್ಷೇತ್ರಕಾರ್ಯಕ್ಕೂ ಉಂಟು. ವಿದ್ಯಾರ್ಥಿಗಳು ಆಸ್ಪತ್ರೆ, ಶಾಲೆ, ಕಾರ್ಖಾನೆ, ಕೊಳೆಗೇರಿ, ಹಳ್ಳಿಗಳಲ್ಲಿ ಮಾರ್ಗದರ್ಶಕರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ವರದಿ ಬರೆಯುತ್ತಾರೆ.

ಇಂತಹ ಶಾಲೆಗಳ ಕಾರ್ಯಕ್ರಮಗಳು ಈ ಕ್ಷೇತ್ರಕಾರ್ಯದಿಂದಲೇ ಹುಟ್ಟುತ್ತವೆ. ಮಾರ್ಚ್ ತಿಂಗಳ ಮೂರನೆಯ ಮಂಗಳವಾರ ವಿಶ್ವ ಸಮಾಜಕಾರ್ಯ ದಿನ. ಅಕ್ಟೋಬರ್ 1 ಹಿರಿಯರ ದಿನ, ಅಕ್ಟೋಬರ್ 10 ಮಾನಸಿಕ ಆರೋಗ್ಯ ದಿನ, ಡಿಸೆಂಬರ್ 3 ಅಂಗವಿಕಲರ ದಿನ, ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಈ ದಿನಗಳ ಆಸುಪಾಸಿನಲ್ಲಿ ಉಪನ್ಯಾಸ, ವಿಚಾರ ಸಂಕಿರಣ, ಬೀದಿನಾಟಕಗಳನ್ನು ಏರ್ಪಡಿಸುವುದು ವಾಡಿಕೆ. ಇಂತಹ ಚಿಂತನೆ ಮಾತಿನಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಮಕ್ಕಳ ಸಹಾಯವಾಣಿ 1098 ನಿದರ್ಶನ. 1996ರಲ್ಲಿ ಮುಂಬಯಿಯಲ್ಲಿ ಟಾಟಾ ಸಂಸ್ಥೆಯ ಕ್ಷೇತ್ರ ಯೋಜನೆಯಾಗಿ ಮೊಳೆತ ಅದು ದೇಶವ್ಯಾಪಿಯಾಗಿ ಬೆಳೆಯಿತು.

ನಮಗೇಕೆ ಬೇಕು?

ಊರಿನ ಮನೆಗೆ ಬೀಗ ಹಾಕಿ ಮಕ್ಕಳೊಡನೆ ಇಲ್ಲಿಗೆ ಬಂದ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ವೈದ್ಯರೆದುರು ಮಗನೋ ಸೊಸೆಯೋ ಅವರ ಮಾತನ್ನು ಅನುವಾದಿಸಬೇಕು. ಮಂಡಿನೋವಿಗೆ ಅಷ್ಟು ಸಾಕು. ಆದರೆ ನೋವು ಮನೆಯೊಳಗಿನದೇ ಆದರೆ ಅದನ್ನು ಯಾರ ಬಾಯಿಂದ ಹೇಳಿಸುವುದು? ಮದುವೆಯಾಗಿ ಧಾರವಾಡದಿಂದಲೋ ಉಡುಪಿಯಿಂದಲೋ ಹೊಸದಾಗಿ ಬಂದ ಸೊಸೆಯ ಸ್ಥಿತಿಯೂ ಬೇರೆಯಲ್ಲ. ‘ನಮ್ಮವರಲ್ಲಿ ಅಂಥದ್ದೆಲ್ಲ ಇಲ್ಲ’ ಎಂಬ ಮಾತು ಕೇಳಲು ಹಿತವಾದರೂ ನೊಂದವರ ಬಾಯಿ ಕಟ್ಟುವುದೂ ಅದೇ.

60 ವರ್ಷ ದಾಟಿದವರು ಪೋಷಣೆಗಾಗಿ ನ್ಯಾಯಮಂಡಳಿಯ ಮೊರೆ ಹೋಗಲು 2007ರ ಕಾಯ್ದೆ ಅವಕಾಶ ನೀಡುತ್ತದೆ. ಹಿರಿಯರಿಗಾಗಿ 14567, ಗುಜರಾತಿನ ಮಹಿಳೆಯರಿಗಾಗಿ 181 ಅಭಯಂ ಸಹಾಯವಾಣಿಗಳಿವೆ. ಇವು ಇವೆಯೆಂದು ತಿಳಿಯುವುದು ಒಂದು ಹಂತ. ಯಾವಾಗ, ಹೇಗೆ ಬಳಸಬೇಕು, ವಿಷಯ ಅಲ್ಲಿಯವರೆಗೆ ಹೋಗದಂತೆ ಮನೆಯಲ್ಲೇ ಹೇಗೆ ಮಾತಾಡಬೇಕು ಎಂಬುದನ್ನು ಅರಿಯುವುದು ಇನ್ನೊಂದು ಹಂತ. ಈ ಎರಡನೆಯ ಹಂತಕ್ಕೆ ತರಬೇತಿ ಪಡೆದವರ ಮಾತು ಬೇಕು.

ಆದ್ದರಿಂದ ಕನ್ನಡ ಸಂಘಗಳು ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸುತ್ತೇವೆ. ಮೊದಲನೆಯದು, ಸಾರ್ವಜನಿಕರಿಗೆ ಪ್ರವೇಶವಿರುವ ಉಪನ್ಯಾಸಗಳನ್ನು ಮುಂಚಿತವಾಗಿ ವಿಚಾರಿಸಿ ಸದಸ್ಯರಿಗೆ ತಿಳಿಸುವುದು. ಎರಡನೆಯದು, ಯುಗಾದಿ, ರಾಜ್ಯೋತ್ಸವಗಳ ಕಾರ್ಯಕ್ರಮಗಳಲ್ಲಿ ಅರ್ಧ ಗಂಟೆಯನ್ನು ಸಮಾಜಕಾರ್ಯ ಅಧ್ಯಾಪಕರೊಬ್ಬರ ಮಾತಿಗೆ ಮೀಸಲಿಟ್ಟು ಅದನ್ನು ಕನ್ನಡದಲ್ಲಿ ವಿವರಿಸುವುದು. ಮೂರನೆಯದು, ಗುಜರಾತಿ ಬಲ್ಲ ಇಬ್ಬರು ಮೂವರು ಸದಸ್ಯರು ಕುಟುಂಬಕ್ಕೆ ಹೊರಗಿನವರಾಗಿ, ಗುಟ್ಟು ಕಾಯುವವರಾಗಿ, ಆಸ್ಪತ್ರೆಗೂ ಕಚೇರಿಗೂ ಜೊತೆಗೆ ಹೋಗಲು ಸಿದ್ಧರಿರುವುದು.

ಸಮಾಜಕಾರ್ಯ ಓದುತ್ತೇನೆಂದು ಮಗನೋ ಮಗಳೋ ಹೇಳಿದಾಗ ‘ಸೇವೆ ಮಾಡಲು ಪದವಿ ಏಕೆ?’ ಎಂದು ಕೇಳುವವರುಂಟು. ಪ್ರಥಮ ಚಿಕಿತ್ಸೆ ಬಲ್ಲವರು ಮನೆಯಲ್ಲಿದ್ದರೂ ವೈದ್ಯರು ಬೇಕಲ್ಲವೇ? ಆಸ್ಪತ್ರೆ, ಕೌಟುಂಬಿಕ ಸಲಹಾ ಕೇಂದ್ರ, ಕಾರ್ಖಾನೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಈ ಪದವೀಧರರಿಗೆ ಕೆಲಸವಿದೆ. ವಿಶ್ವವಿದ್ಯಾಲಯವು ನಮ್ಮ ಬಡಾವಣೆಯಿಂದ ದೂರವಿಲ್ಲ. ಅಲ್ಲಿನ ಮುಂದಿನ ಉಪನ್ಯಾಸಕ್ಕೆ ಹೋಗುವವರು ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಲಿ ಎಂದು ಕೋರುತ್ತೇವೆ.